ಹವಾಮಾನ ರೇಡಾರಿನ ದತ್ತಾಂಶ: ವಿಶ್ವವಿದ್ಯಾಲಯಗಳಿಗೂ ಖಾಸಗಿ ಬಳಕೆದಾರರಿಗೂ ತಲುಪಿದ ಬಗೆ

ಮಳೆಗಾಲ ಆರಂಭವಾಯಿತೆಂದರೆ ನಮ್ಮ ಸಂಘದ ಸದಸ್ಯರ ಮೊಬೈಲ್ ಫೋನುಗಳಲ್ಲಿ ಒಂದು ಚಿತ್ರ ಹರಿದಾಡತೊಡಗುತ್ತದೆ. ಕರಾವಳಿಯ ಗೆರೆ, ಅದರ ಮೇಲೆ ಹಸಿರು, ಹಳದಿ, ಕೆಂಪು ಬಣ್ಣಗಳ ಮಚ್ಚೆಗಳು, ಮೂಲೆಯಲ್ಲಿ ಗಂಟೆ ನಿಮಿಷಗಳ ನಮೂದು. ಕೆಳಗೆ ಯಾರೋ ಬರೆದ ಒಕ್ಕಣೆ: ‘ಅರ್ಧ ಗಂಟೆಯಲ್ಲಿ ಠಾಣೆಯ ಕಡೆಗೆ ಬರಲಿದೆ, ಕೊಡೆ ಮರೆಯಬೇಡಿ.’ ಈ ಚಿತ್ರ ಎಲ್ಲಿಂದ ಬಂತು, ಇದರ ಹಿಂದಿರುವ ಅಂಕಿಗಳು ಯಾರ ಕೈಯಲ್ಲಿವೆ, ಅವನ್ನು ಯಾರು ಯಾರಿಗೆ ಕೊಡಬಹುದು ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಆದರೆ ಈ ಪ್ರಶ್ನೆಗಳ ಸುತ್ತ ಒಂದು ದೊಡ್ಡ ದೇಶದಲ್ಲಿ ಹದಿನೈದು ಇಪ್ಪತ್ತು ವರ್ಷಗಳ ಕಾಲ ಚರ್ಚೆ, ಪ್ರಯೋಗ, ಹಗ್ಗಜಗ್ಗಾಟ ನಡೆದಿವೆ. ಆ ವೃತ್ತಾಂತವನ್ನು ಸಂಗ್ರಹಿಸಿ ಇಲ್ಲಿ ಕೊಡುತ್ತಿದ್ದೇವೆ.

ಕಲಾ ವಿಭಾಗದ ಪದವೀಧರರಾದ, ಬ್ಯಾಂಕಿನ ಲೆಕ್ಕಪತ್ರಗಳಲ್ಲಿ ಆಯುಷ್ಯ ಕಳೆದ ನಮಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು 2005ರ ಜುಲೈ 26ರಂದು. ಮುಂಬಯಿಯ ಓದುಗರಿಗೆ ಆ ದಿನಾಂಕವನ್ನು ವಿವರಿಸಬೇಕಾಗಿಲ್ಲ. ಅಂದು ಫೋರ್ಟ್ ಪರಿಸರದ ನಮ್ಮ ಕಚೇರಿಯ ಕಿಟಕಿಯಿಂದ ಕಂಡದ್ದು ಜುಲೈ ತಿಂಗಳ ಎಂದಿನ ಮಳೆ. ಎಂದಿನಂತೆಯೇ ಸಂಜೆ ಐದೂವರೆಗೆ ಹೊರಟೆವು. ಮನೆ ಸೇರಿದ್ದು ಮರುದಿನ ಮಧ್ಯಾಹ್ನ, ಅದೂ ಹೆಚ್ಚಿನ ದಾರಿಯನ್ನು ಸೊಂಟದ ಮಟ್ಟದ ನೀರಿನಲ್ಲಿ ನಡೆದು. ಆಮೇಲೆ ಪತ್ರಿಕೆಗಳಲ್ಲಿ ಓದಿ ತಿಳಿದ ಅಂಕಿಗಳು ಇಂದಿಗೂ ನೆನಪಿನಲ್ಲಿವೆ: 24 ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್, ಕೊಲಾಬಾದಲ್ಲಿ ಕೇವಲ 73 ಮಿಲಿಮೀಟರ್. ಎರಡಕ್ಕೂ ನಡುವೆ ಇರುವುದು ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಉಪನಗರಗಳ ಮೇಲೆ ಮಧ್ಯಾಹ್ನ ಎರಡೂವರೆಯ ಸುಮಾರಿನಿಂದಲೇ ಆಕಾಶ ಬಿರಿದಿತ್ತು. ದಕ್ಷಿಣದ ತುದಿಯಲ್ಲಿದ್ದ ನಮಗೆ ಅದರ ಸುಳಿವೇ ಇರಲಿಲ್ಲ. ಆಗ ಮುಂಬಯಿಯಲ್ಲಿ ಡಾಪ್ಲರ್ ಹವಾಮಾನ ರೇಡಾರ್ ಇರಲಿಲ್ಲ. ಇದ್ದಿದ್ದರೂ ಅದು ಕಂಡದ್ದು ಎಷ್ಟು ಜನಕ್ಕೆ, ಎಷ್ಟು ಹೊತ್ತಿನಲ್ಲಿ ತಲುಪುತ್ತಿತ್ತು ಎಂಬುದು ಬೇರೆಯೇ ಪ್ರಶ್ನೆ. ಈ ಲೇಖನದ ವಿಷಯ ಆ ಎರಡನೆಯ ಪ್ರಶ್ನೆ.

ರೇಡಾರ್ ನೋಡುವುದೇನು?

ಹವಾಮಾನ ರೇಡಾರ್ ರೇಡಿಯೋ ತರಂಗಗಳ ಮಿಡಿತಗಳನ್ನು ಆಕಾಶಕ್ಕೆ ಕಳುಹಿಸುತ್ತದೆ. ಮಳೆಹನಿ, ಆಲಿಕಲ್ಲು, ಹಿಮದ ಚೂರುಗಳಿಗೆ ತಾಗಿ ಮರಳುವ ಪ್ರತಿಧ್ವನಿಯನ್ನು ಅಳೆಯುತ್ತದೆ. ಪ್ರತಿಧ್ವನಿ ಬಲವಾಗಿದ್ದರೆ ಹನಿಗಳು ದೊಡ್ಡವು ಅಥವಾ ಹೆಚ್ಚು. ಮರಳಿ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಡಾಪ್ಲರ್ ರೇಡಾರ್ ಇದಕ್ಕೆ ಇನ್ನೊಂದನ್ನು ಸೇರಿಸುತ್ತದೆ: ಆ ಹನಿಗಳು ರೇಡಾರಿನತ್ತ ಬರುತ್ತಿವೆಯೋ, ದೂರ ಸರಿಯುತ್ತಿವೆಯೋ, ಎಷ್ಟು ವೇಗದಲ್ಲಿ ಎಂಬ ಲೆಕ್ಕ. ನಿಲ್ದಾಣದಲ್ಲಿ ನಿಲ್ಲದೆ ಸಾಗುವ ಫಾಸ್ಟ್ ಲೋಕಲ್ ರೈಲಿನ ಶಿಳ್ಳೆ ಹತ್ತಿರ ಬರುವಾಗ ಏರಿ, ದಾಟಿದ ಮೇಲೆ ಇಳಿಯುವುದನ್ನು ನಾವೆಲ್ಲರೂ ಕೇಳಿದ್ದೇವೆ, ತತ್ತ್ವ ಅದೇ. ಅಕ್ಕಪಕ್ಕದಲ್ಲಿ ಒಂದು ಕಡೆ ಗಾಳಿ ರೇಡಾರಿನತ್ತ ಬರುತ್ತಿದ್ದು ಪಕ್ಕದಲ್ಲೇ ದೂರ ಸರಿಯುತ್ತಿದ್ದರೆ, ಅಲ್ಲಿ ಗಾಳಿ ಸುತ್ತುತ್ತಿದೆ ಎಂದರ್ಥ. ಸುಂಟರಗಾಳಿ ನೆಲ ಮುಟ್ಟುವ ಮುನ್ನವೇ ಅದರ ಸೂಚನೆ ಹೀಗೆ ಸಿಗಬಹುದು.

ಅಮೆರಿಕದ ಒಕ್ಲಹಾಮ ರಾಜ್ಯದ ನಾರ್ಮನ್ ಪಟ್ಟಣದಲ್ಲಿರುವ ರಾಷ್ಟ್ರೀಯ ಬಿರುಗಾಳಿ ಪ್ರಯೋಗಾಲಯದ ವಿಜ್ಞಾನಿಗಳು 1973ರ ಮೇ 24ರಂದು ಯೂನಿಯನ್ ಸಿಟಿ ಎಂಬ ಊರಿನ ಸುಂಟರಗಾಳಿಯನ್ನು ಹುಟ್ಟಿನಿಂದ ಅಂತ್ಯದವರೆಗೆ ಡಾಪ್ಲರ್ ರೇಡಾರಿನಲ್ಲಿ ಹಿಂಬಾಲಿಸಿದರು. ಮುಂದಿನ ಎಲ್ಲವೂ ಅಲ್ಲಿಂದ ಬೆಳೆದದ್ದು ಎನ್ನಬಹುದು. ಅಮೆರಿಕದ ಹವಾಮಾನ ಸೇವೆ, ವಾಯುಪಡೆ ಮತ್ತು ವಿಮಾನಯಾನ ಆಡಳಿತ ಮೂರೂ ಸೇರಿ ನೆಕ್ಸ್‌ರಾಡ್ ಎಂಬ ಜಾಲವನ್ನು ಯೋಜಿಸಿದವು. 1990ರ ದಶಕದಲ್ಲಿ ದೇಶದುದ್ದಗಲಕ್ಕೆ ಸುಮಾರು 160 ರೇಡಾರುಗಳು ಎದ್ದುನಿಂತವು. ಹತ್ತು ಸೆಂಟಿಮೀಟರಿನ ತರಂಗ, ಎಂಟೂವರೆ ಮೀಟರ್ ಅಗಲದ ಬೋಗುಣಿಯಾಕಾರದ ಆಂಟೆನಾ, ಅದನ್ನು ಮುಚ್ಚಿರುವ ಬಿಳಿಯ ಗೋಳ. ಬಿರುಮಳೆಯ ಸಮಯದಲ್ಲಿ ಆಂಟೆನಾ ಬೇರೆ ಬೇರೆ ಕೋನಗಳಲ್ಲಿ ಸುತ್ತಿ ಐದಾರು ನಿಮಿಷಗಳಿಗೊಮ್ಮೆ ಇಡೀ ಆಕಾಶವನ್ನು ಶೋಧಿಸಿ ಮುಗಿಸುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಹೇಳಬೇಕು. ಭೂಮಿ ದುಂಡಗಿದೆ, ರೇಡಾರಿನ ಕಿರಣವಾದರೋ ಅಷ್ಟಾಗಿ ಬಾಗುವುದಿಲ್ಲ. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ 100 ಕಿಲೋಮೀಟರ್ ದೂರ ಸಾಗುವಾಗ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿರುತ್ತದೆ. 200 ಕಿಲೋಮೀಟರ್ ದೂರದಲ್ಲಿ ನಾಲ್ಕು ಕಿಲೋಮೀಟರ್ ಮೇಲೆ. ಅಂದರೆ ದೂರದ ಊರಿನ ಮಳೆಯ ನೆತ್ತಿ ಮಾತ್ರ ಕಾಣುತ್ತದೆ, ಕಾಲು ಕಾಣುವುದಿಲ್ಲ. ಒಂದು ರೇಡಾರಿಗೆ ಕಾಣದ್ದು ಪಕ್ಕದ ರೇಡಾರಿಗೆ ಕಾಣುತ್ತದೆ. ಆದುದರಿಂದ ಹಲವು ರೇಡಾರುಗಳ ಅಂಕಿಗಳನ್ನು ಒಂದೇ ಕಡೆ, ಒಂದೇ ಹೊತ್ತಿಗೆ ಸೇರಿಸಿದಾಗ ಮಾತ್ರ ನಿಜವಾದ ಚಿತ್ರ ಸಿಗುತ್ತದೆ. ಹಂಚಿಕೊಳ್ಳುವುದು ಇಲ್ಲಿ ಔದಾರ್ಯದ ಮಾತಷ್ಟೇ ಅಲ್ಲ, ಕೆಲಸವೇ ಹಾಗಿದೆ.

ಲೆಡ್ಜರ್ ಮತ್ತು ಪಾಸ್‌ಬುಕ್

ನೆಕ್ಸ್‌ರಾಡ್ ದತ್ತಾಂಶದಲ್ಲಿ ಎರಡನೆಯ ಹಂತ, ಮೂರನೆಯ ಹಂತ ಎಂಬ ಎರಡು ಬಗೆಗಳುಂಟು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಎರಡನೆಯ ಹಂತವೆಂದರೆ ಶಾಖೆಯ ಲೆಡ್ಜರ್, ಮೂರನೆಯ ಹಂತವೆಂದರೆ ಗ್ರಾಹಕನ ಪಾಸ್‌ಬುಕ್. ಎರಡನೆಯ ಹಂತದಲ್ಲಿ ಪ್ರತಿ ಕೋನದ, ಪ್ರತಿ ದಿಕ್ಕಿನ, ಪ್ರತಿ ದೂರದ ಅಳತೆಯೂ ಇರುತ್ತದೆ: ಪ್ರತಿಧ್ವನಿಯ ಬಲ, ಗಾಳಿಯ ವೇಗ, ಆ ವೇಗದ ಏರುಪೇರು. ಮೂರನೆಯ ಹಂತವು ಇದರಿಂದ ತಯಾರಿಸಿದ ಚಿತ್ರಗಳು ಮತ್ತು ಸಾರಾಂಶಗಳು. ಅಂದಿನ ಚಿತ್ರಗಳಲ್ಲಿ ಅಳತೆಗಳನ್ನು ಹದಿನಾರು ಬಣ್ಣಗಳ ಮೆಟ್ಟಿಲುಗಳಿಗೆ ಇಳಿಸಿರುತ್ತಿದ್ದರು. ನೋಡುವವರಿಗೆ ಅದು ಸಾಕು. ಆದರೆ ಗಣಕಯಂತ್ರಕ್ಕೆ ಕೊಟ್ಟು ಮುಂದಿನ ಎರಡು ಗಂಟೆಗಳಲ್ಲಿ ಬಿರುಗಾಳಿ ಹೇಗೆ ಬೆಳೆಯುತ್ತದೆಂದು ಲೆಕ್ಕ ಹಾಕಿಸಬೇಕಾದರೆ ಪಾಸ್‌ಬುಕ್ ಸಾಲದು, ಲೆಡ್ಜರೇ ಬೇಕು.

1990ರ ದಶಕದಲ್ಲಿ ಪಾಸ್‌ಬುಕ್ ಕೂಡ ಎಲ್ಲರಿಗೂ ಸಿಗುತ್ತಿರಲಿಲ್ಲ. ಸರಕಾರವು ಬೆರಳೆಣಿಕೆಯ ಖಾಸಗಿ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಅವರು ತಮ್ಮ ಖರ್ಚಿನಲ್ಲಿ ರೇಡಾರುಗಳಿಗೆ ತಂತಿ ಎಳೆದು, ಚಿತ್ರಗಳನ್ನು ಪಡೆದು, ದೂರದರ್ಶನ ವಾಹಿನಿಗಳಿಗೂ ವಿಮಾನ ಸಂಸ್ಥೆಗಳಿಗೂ ವಿಶ್ವವಿದ್ಯಾಲಯಗಳಿಗೂ ಶುಲ್ಕಕ್ಕೆ ಮಾರುತ್ತಿದ್ದರು. ಮಧ್ಯವರ್ತಿಗಳನ್ನು ದೂರುವುದು ಸುಲಭ. ಆದರೆ ಅಂತರ್ಜಾಲ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಆ ಏರ್ಪಾಡು ಇಲ್ಲದಿದ್ದರೆ ಬಹುಶಃ ಯಾರಿಗೂ ಸಿಗುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು. ಅಂತರ್ಜಾಲ ಬಲವಾದ ಮೇಲೆ ಮಾತ್ರ ಆ ಏರ್ಪಾಡಿಗೆ ಅರ್ಥ ಉಳಿಯಲಿಲ್ಲ. ಹೊಸ ಶತಮಾನದ ಆರಂಭದಲ್ಲಿ ಅದು ಕೊನೆಗೊಂಡು, ಮೂರನೆಯ ಹಂತದ ಚಿತ್ರಗಳು ಎಲ್ಲರಿಗೂ ತೆರೆದವು.

ಲೆಡ್ಜರಿನ ಗತಿ ಇನ್ನೂ ವಿಚಿತ್ರವಾಗಿತ್ತು. ಎರಡನೆಯ ಹಂತದ ಅಂಕಿಗಳನ್ನು ರೇಡಾರ್ ಕೇಂದ್ರದಲ್ಲೇ 8 ಮಿಲಿಮೀಟರ್ ಟೇಪುಗಳ ಮೇಲೆ ಬರೆದು, ಉತ್ತರ ಕೆರೊಲಿನಾ ರಾಜ್ಯದ ಆಶ್‌ವಿಲ್‌ನಲ್ಲಿದ್ದ ರಾಷ್ಟ್ರೀಯ ದತ್ತಾಂಶ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಟೇಪು ಬದಲಿಸುವುದು ಮನುಷ್ಯನ ಕೆಲಸ. ಯಂತ್ರ ಕೆಟ್ಟರೆ, ಟೇಪು ಸಿಕ್ಕಿಕೊಂಡರೆ ಅಷ್ಟು ದಿನಗಳ ಆಕಾಶದ ದಾಖಲೆ ಇಲ್ಲವಾಗುತ್ತಿತ್ತು. ಹೀಗೆ ಕಳೆದುಹೋದದ್ದು ಸ್ವಲ್ಪವಲ್ಲ. ಇದನ್ನು ಓದುವಾಗ ನಮಗೆ ನಗುವೂ ಬಂತು, ಮುಜುಗರವೂ ಆಯಿತು. ಶಾಖೆಗೆ ಗಣಕಯಂತ್ರ ಬಂದ ಹೊಸತರಲ್ಲಿ ದಿನದ ಕೊನೆಗೆ ಎಲ್ಲ ಖಾತೆಗಳ ಪ್ರತಿಯನ್ನು ಟೇಪಿಗೆ ಇಳಿಸಿ ಬೇರೆ ಕಟ್ಟಡಕ್ಕೆ ಕಳುಹಿಸುವ ಹೊಣೆ ನಮ್ಮದಾಗಿತ್ತು. ಮೂರು ತಿಂಗಳ ಅನಂತರ ಒಂದು ದಿನ ಬೇಕಾಗಿ ತರಿಸಿ ನೋಡಿದರೆ ಅದರಲ್ಲಿ ನಾಲ್ಕು ಟೇಪುಗಳು ಖಾಲಿ! ಪುಣ್ಯಕ್ಕೆ ಕಾಗದದ ಪ್ರತಿ ಇತ್ತು. ಬಿರುಗಾಳಿಗೆ ಕಾಗದದ ಪ್ರತಿ ಇರುವುದಿಲ್ಲ.

ಸಂಶೋಧಕರ ಕಷ್ಟ ಇದಕ್ಕಿಂತ ದೊಡ್ಡದು. ಟೇಪು ಆಶ್‌ವಿಲ್ ತಲುಪಿ, ಅಲ್ಲಿಂದ ಅವರು ತರಿಸಿಕೊಳ್ಳುವ ಹೊತ್ತಿಗೆ ಬಿರುಗಾಳಿ ಇತಿಹಾಸವಾಗಿರುತ್ತಿತ್ತು. ಮುಗಿದ ಬಿರುಗಾಳಿಯನ್ನು ಅಧ್ಯಯನ ಮಾಡಬಹುದು, ಮುನ್ಸೂಚಿಸಲಾಗದು.

ಒಕ್ಲಹಾಮದ ಪ್ರಯೋಗ

1998ರಲ್ಲಿ ಒಕ್ಲಹಾಮ ವಿಶ್ವವಿದ್ಯಾಲಯದ ಬಿರುಗಾಳಿ ವಿಶ್ಲೇಷಣೆ ಮತ್ತು ಮುನ್ಸೂಚನೆ ಕೇಂದ್ರವು ಕೆಲವು ಸಂಸ್ಥೆಗಳೊಂದಿಗೆ ಸೇರಿ ಕ್ರಾಫ್ಟ್ ಎಂಬ ಹೆಸರಿನ ಪ್ರಯೋಗವನ್ನು ಕೈಗೊಂಡಿತು. ಕೆಲ್ವಿನ್ ಡ್ರೋಗೆಮೈಯರ್ ಇದರ ಮುಂದಾಳುಗಳಲ್ಲಿ ಒಬ್ಬರು. ಯೂನಿಡೇಟಾ ಎಂಬ ವಿಶ್ವವಿದ್ಯಾಲಯಗಳ ಸಹಕಾರಿ ಕಾರ್ಯಕ್ರಮ, ಬಿರುಗಾಳಿ ಪ್ರಯೋಗಾಲಯ, ವಾಷಿಂಗ್ಟನ್ ವಿಶ್ವವಿದ್ಯಾಲಯ, ಹವಾಮಾನ ಸೇವೆಯ ರೇಡಾರ್ ಕೇಂದ್ರ ಇವು ಕೈಜೋಡಿಸಿದವು. ಕೇಳಲಾದ ಪ್ರಶ್ನೆ ಸರಳವಾದದ್ದು: ಟೇಪಿಗೆ ಬರೆದು ಅಂಚೆಗೆ ಹಾಕುವ ಬದಲು ಇಡೀ ಲೆಡ್ಜರನ್ನು ಆ ಕ್ಷಣವೇ ಅಂತರ್ಜಾಲದಲ್ಲಿ ಕಳುಹಿಸಲು ಸಾಧ್ಯವೇ?

ಸಾಧ್ಯವಿಲ್ಲವೆಂದು ನಂಬಿದ್ದವರು ಕಡಿಮೆಯೇನಿರಲಿಲ್ಲ. ಅಂದಿನ ತಂತಿಗಳಿಗೆ ಅಷ್ಟು ಭಾರ ಹೊರುವ ಶಕ್ತಿ ಇರಲಿಲ್ಲ. ಪ್ರಯೋಗದವರು ಎರಡು ಉಪಾಯ ಮಾಡಿದರು. ಮೊದಲನೆಯದು ಅಂಕಿಗಳನ್ನು ಒಂದು ಅಕ್ಷರವೂ ನಷ್ಟವಾಗದಂತೆ ಹಲವು ಪಟ್ಟು ಕುಗ್ಗಿಸಿ ಕಳುಹಿಸುವುದು. ಸ್ವಚ್ಛ ಆಕಾಶದ ಅಂಕಿಗಳಲ್ಲಿ ಬಹುಪಾಲು ಸೊನ್ನೆಗಳೇ ಇರುವುದರಿಂದ ಅವು ಚೆನ್ನಾಗಿ ಕುಗ್ಗುತ್ತವೆ. ಎರಡನೆಯದು ಆಂಟೆನಾ ತನ್ನ ಪೂರ್ಣ ಶೋಧವನ್ನು ಮುಗಿಸುವ ತನಕ ಕಾಯದೆ ತುಣುಕು ತುಣುಕಾಗಿ ಕಳುಹಿಸುತ್ತ ಹೋಗುವುದು. ಇದಕ್ಕೆ ಯೂನಿಡೇಟಾದವರು ಮೊದಲೇ ಸಿದ್ಧಪಡಿಸಿದ್ದ, ವಿಶ್ವವಿದ್ಯಾಲಯಗಳು ಆಗಲೇ ಬಳಸುತ್ತಿದ್ದ ಒಂದು ತಂತ್ರಾಂಶವನ್ನು ಬಳಸಿದರು. ಇದರಲ್ಲಿ ಎಲ್ಲರೂ ಒಂದೇ ಬಾವಿಗೆ ನುಗ್ಗುವುದಿಲ್ಲ. ಮೊದಲನೆಯವನು ತಾನು ಪಡೆದದ್ದನ್ನು ಇಬ್ಬರಿಗೆ, ಅವರು ಮತ್ತೆ ನಾಲ್ವರಿಗೆ ದಾಟಿಸುತ್ತಾರೆ. ನಡುವೆ ಸಂಪರ್ಕ ಕಡಿದರೆ ಮರಳಿ ಬಂದಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಮೊದಲಿಗೆ ಒಕ್ಲಹಾಮ ಮತ್ತು ಅದರ ಸುತ್ತಮುತ್ತಲಿನ ಆರು ರೇಡಾರುಗಳನ್ನು ಸೇರಿಸಿದರು. ದೇಶದ ಸುಂಟರಗಾಳಿಗಳ ಹಾದಿಯೇ ಅದು. 1999ರ ಮೇ 3ರಂದು ಅಲ್ಲಿ ಎದ್ದ ಸುಂಟರಗಾಳಿಗಳ ಪೈಕಿ ಒಂದು ಬ್ರಿಜ್ ಕ್ರೀಕ್, ಮೂರ್ ಎಂಬ ಊರುಗಳನ್ನು ಹಾದು ಒಕ್ಲಹಾಮ ನಗರದ ಅಂಚಿಗೆ ನುಗ್ಗಿ 36 ಜನರ ಪ್ರಾಣ ತೆಗೆಯಿತು. ಸಂಚಾರಿ ರೇಡಾರೊಂದು ಅದರ ಗಾಳಿಯ ವೇಗವನ್ನು ಗಂಟೆಗೆ 480 ಕಿಲೋಮೀಟರಿನ ಆಸುಪಾಸಿನಲ್ಲಿ ಅಳೆಯಿತು. ಅಷ್ಟೊಂದು ಮನೆಗಳು ನೆಲಸಮವಾದ ಕಡೆ ಸಾವುಗಳು ಇನ್ನೂ ಹೆಚ್ಚಾಗದಿದ್ದುದಕ್ಕೆ ರೇಡಾರ್ ನೋಡಿ ಕೊಟ್ಟ ಎಚ್ಚರಿಕೆಗಳೂ ಅವನ್ನು ನಿಮಿಷ ನಿಮಿಷಕ್ಕೂ ಜನರಿಗೆ ತಲುಪಿಸಿದ ದೂರದರ್ಶನ ವಾಹಿನಿಗಳೂ ಕಾರಣವೆಂದು ಹೇಳುತ್ತಾರೆ. ದತ್ತಾಂಶ ಹಂಚಿಕೆಯ ಪ್ರಯೋಗ ನಡೆಸುತ್ತಿದ್ದವರು ಅದೇ ಆಕಾಶದ ಕೆಳಗೆ ವಾಸವಾಗಿದ್ದರೆಂಬುದನ್ನು ನೆನಪಿಡಬೇಕು.

ಪ್ರಯೋಗ ಯಶಸ್ವಿಯಾಯಿತು. ಆರು ಹತ್ತಾರಾಗಿ, ಕೊನೆಗೆ 2004ರಲ್ಲಿ ಹವಾಮಾನ ಸೇವೆಯೇ ಅದನ್ನು ತನ್ನ ಅಧಿಕೃತ ವ್ಯವಸ್ಥೆಯಾಗಿ ಸ್ವೀಕರಿಸಿತು. ಒಂದು ವಿಶ್ವವಿದ್ಯಾಲಯದ ಪ್ರಯೋಗ ಐದಾರು ವರ್ಷಗಳಲ್ಲಿ ಸರಕಾರಿ ವ್ಯವಸ್ಥೆಯಾಗುವುದನ್ನು ನಾವು ಹೆಚ್ಚಾಗಿ ಕಂಡಿಲ್ಲ. ಆಶ್‌ವಿಲ್‌ಗೆ ಟೇಪು ಕಳುಹಿಸುವುದೂ ನಿಂತಿತು. ದಾಖಲೆಗಳು ತಂತಿಯ ಮೂಲಕವೇ ಹೋಗಿ ಸೇರತೊಡಗಿದವು.

ಖಾಸಗಿಯವರಿಗೆ ಯಾವ ಲೆಕ್ಕದಲ್ಲಿ?

ವಿಶ್ವವಿದ್ಯಾಲಯಗಳಿಗೆ ಕೊಡುವುದರ ಬಗ್ಗೆ ಯಾರದೂ ತಕರಾರಿರಲಿಲ್ಲ. ಖಾಸಗಿಯವರ ವಿಷಯ ಬಂದಾಗ ಮಾತು ಬಿಸಿಯಾಯಿತು. ಅಮೆರಿಕದ ಕಾನೂನಿನಂತೆ ಕೇಂದ್ರ ಸರಕಾರ ತಯಾರಿಸಿದ ಕೃತಿಗೆ ಹಕ್ಕುಸ್ವಾಮ್ಯವಿಲ್ಲ. ತೆರಿಗೆ ಕೊಟ್ಟವನು ಒಮ್ಮೆ ಬೆಲೆ ತೆತ್ತಿದ್ದಾನೆ. ಆದುದರಿಂದ ತಲುಪಿಸುವ ಖರ್ಚಿಗಿಂತ ಹೆಚ್ಚು ವಸೂಲು ಮಾಡಬಾರದೆಂಬುದು ಅಲ್ಲಿನ ಆಡಳಿತ ನಿಯಮ. ಯುರೋಪಿನ ಹಲವು ದೇಶಗಳು ಆಗ ಇದಕ್ಕೆ ವಿರುದ್ಧವಾದ ದಾರಿ ಹಿಡಿದಿದ್ದವು. ಅಲ್ಲಿನ ಹವಾಮಾನ ಇಲಾಖೆಗಳು ದತ್ತಾಂಶವನ್ನು ಮಾರಿ ತಮ್ಮ ಖರ್ಚಿನ ಒಂದು ಪಾಲನ್ನು ಗಳಿಸಿಕೊಳ್ಳಬೇಕಿತ್ತು. 1995ರಲ್ಲಿ ವಿಶ್ವ ಹವಾಮಾನ ಸಂಸ್ಥೆಯ 40ನೆಯ ನಿರ್ಣಯವು ಅತ್ಯವಶ್ಯ ದತ್ತಾಂಶವನ್ನು ಎಲ್ಲರೂ ಮುಕ್ತವಾಗಿ ಹಂಚಿಕೊಳ್ಳಬೇಕೆಂದು, ಉಳಿದುದಕ್ಕೆ ಷರತ್ತು ಹಾಕಬಹುದೆಂದು ಹೇಳಿ ಎರಡು ಪಂಥಗಳ ನಡುವೆ ರಾಜಿ ಮಾಡಿಸಿತು.

ಒಕ್ಲಹಾಮದವರ ಏರ್ಪಾಡು ನಮ್ಮ ಮನಸ್ಸಿಗೆ ಹಿಡಿಸಿದ್ದು. ಒಕ್ಲಹಾಮ ವಿಶ್ವವಿದ್ಯಾಲಯ, ಪರ್ಡ್ಯೂ ವಿಶ್ವವಿದ್ಯಾಲಯ ಮುಂತಾದ ಕೆಲವು ಸಂಸ್ಥೆಗಳು ಹವಾಮಾನ ಸೇವೆಯಿಂದ ನೇರವಾಗಿ ದತ್ತಾಂಶ ಪಡೆದು ಕೆಳಗಿನವರಿಗೆ ದಾಟಿಸುವ ಮೇಲಿನ ಹಂತದ ಕೇಂದ್ರಗಳಾದವು. ವಿಶ್ವವಿದ್ಯಾಲಯಗಳಿಗೆ ಯೂನಿಡೇಟಾ ಜಾಲದ ಮೂಲಕ ಉಚಿತ. ದೂರದರ್ಶನ ವಾಹಿನಿ, ವಿಮಾನ ಸಂಸ್ಥೆ, ಹವಾಮಾನ ಕಂಪನಿಗಳಂತಹ ಖಾಸಗಿಯವರಿಗೆ ಒಕ್ಲಹಾಮ ವಿಶ್ವವಿದ್ಯಾಲಯವು ಪ್ರತ್ಯೇಕ ಸೇವೆಯೊಂದನ್ನು ಏರ್ಪಡಿಸಿತು. ಅದಕ್ಕೆ ಶುಲ್ಕವಿತ್ತು. ಆದರೆ ಶುಲ್ಕ ದತ್ತಾಂಶಕ್ಕಲ್ಲ, ರಾತ್ರಿ ಹಗಲು ತಪ್ಪದೆ ತಲುಪಿಸುವ ಭರವಸೆಗೆ. ಬ್ಯಾಂಕಿನಲ್ಲಿ ಹಣ ಗ್ರಾಹಕನದೇ. ಅದನ್ನು ಬೇರೆ ಊರಿಗೆ ಡಿಡಿ ಮಾಡಿ ಕಳುಹಿಸಿದರೆ ಕಮಿಷನ್ ಕೊಡುತ್ತಾನೆ. ಕಮಿಷನ್ ಕೊಟ್ಟನೆಂದು ಹಣ ಬ್ಯಾಂಕಿನದಾಗುವುದಿಲ್ಲ. ಈ ವ್ಯತ್ಯಾಸವನ್ನು ಮರೆತಾಗಲೇ ಜಗಳ ಶುರುವಾಗುವುದು.

ಜಗಳ ನಡೆಯಿತು ಕೂಡ. ಸರಕಾರ, ವಿಶ್ವವಿದ್ಯಾಲಯ, ಖಾಸಗಿಯವರ ಪಾತ್ರಗಳ ಬಗ್ಗೆ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2003ರಲ್ಲಿ ವರದಿಯೊಂದನ್ನು ಕೊಟ್ಟಿತು. ಯಾರ ಗಡಿ ಎಲ್ಲಿ ಎಂದು ಕಲ್ಲು ನೆಡುವುದಕ್ಕಿಂತ ಮೂವರೂ ಆಗಾಗ ಕೂತು ಮಾತಾಡಿ ನಿರ್ಧರಿಸುವುದು ಮೇಲು ಎಂಬುದು ಅದರ ಸಾರ. ಎರಡೇ ವರ್ಷಗಳಲ್ಲಿ, 2005ರಲ್ಲಿ, ಸೆನೆಟರ್ ರಿಕ್ ಸ್ಯಾಂಟೋರಮ್ ಅವರು ಒಂದು ಮಸೂದೆಯನ್ನು ಮಂಡಿಸಿದರು. ಖಾಸಗಿಯವರು ಒದಗಿಸಬಲ್ಲ ಸೇವೆಗಳನ್ನು ಸರಕಾರಿ ಹವಾಮಾನ ಸೇವೆಯು ಜನರಿಗೆ ನೇರವಾಗಿ ಕೊಡದಂತೆ ನಿರ್ಬಂಧಿಸುವುದು ಅದರ ಉದ್ದೇಶ. ಅದು ಕಾಯಿದೆಯಾಗಲಿಲ್ಲ. ಆಗಿದ್ದಿದ್ದರೆ ತಾವೇ ದುಡ್ಡು ಹಾಕಿ ಕಟ್ಟಿಸಿದ ರೇಡಾರಿನ ಫಲವನ್ನು ಜನ ಮತ್ತೆ ಅಂಗಡಿಯಿಂದ ಕೊಳ್ಳಬೇಕಾಗುತ್ತಿತ್ತು. ಖಾಸಗಿಯವರು ಬೇಡವೆಂದು ನಾವು ಹೇಳುವುದಿಲ್ಲ. ರೈತನಿಗೆ ಆಲಿಕಲ್ಲಿನ, ವಿದ್ಯುತ್ ಕಂಪನಿಗೆ ಗಾಳಿಯ, ವಿಮೆಯವರಿಗೆ ಹಾನಿಯ ಲೆಕ್ಕವನ್ನು ಅವರವರಿಗೆ ಬೇಕಾದಂತೆ ಹಾಕಿಕೊಡುವುದು ಸರಕಾರಿ ಕಚೇರಿಯ ಕೈಲಾಗುವ ಕೆಲಸವಲ್ಲ. ಆದರೆ ಮೂಲದ ಕೀಲಿಕೈ ಒಬ್ಬಿಬ್ಬರ ಸೊಂಟದಲ್ಲಿ ಇರಕೂಡದು.

ಯಾರೂ ಎಣಿಸದ ಬಳಕೆದಾರರು

ಲೆಡ್ಜರ್ ತೆರೆದಾಗ ಕಂಡದ್ದು ಮಳೆ ಮಾತ್ರವಲ್ಲ. ರೇಡಾರಿಗೆ ಹನಿಯೂ ತಾಗುತ್ತದೆ, ಹಕ್ಕಿಯೂ ತಾಗುತ್ತದೆ. ಹವಾಮಾನದವರಿಗೆ ಹಕ್ಕಿಗಳು ಕಸ. ಚಿತ್ರ ತಯಾರಿಸುವಾಗ ಗುಡಿಸಿ ಹಾಕುತ್ತಾರೆ. ಪಕ್ಷಿಶಾಸ್ತ್ರಜ್ಞರಿಗೆ ಬೇಕಾದದ್ದು ಆ ಕಸವೇ. ರಾತ್ರಿಯ ಹೊತ್ತು ಕೋಟಿಗಟ್ಟಲೆ ಹಕ್ಕಿಗಳು ವಲಸೆ ಹೋಗುವುದನ್ನು ಕಣ್ಣಿನಿಂದ ಎಣಿಸಲಾಗದು, ರೇಡಾರಿನಿಂದ ಎಣಿಸಬಹುದು. ಟೆಕ್ಸಾಸಿನ ಗುಹೆಗಳಿಂದ ಮುಸ್ಸಂಜೆಯಲ್ಲಿ ಬಾವಲಿಗಳು ಹೊರಡುವುದು ಹರಡುವ ಬಳೆಗಳಂತೆ ಪರದೆಯ ಮೇಲೆ ಕಾಣುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದವರು ಮತ್ತು ಅವರ ಸಂಗಡಿಗರು ನಡೆಸುವ ಬರ್ಡ್‌ಕಾಸ್ಟ್ ಎಂಬ ಯೋಜನೆಯು ಈ ದತ್ತಾಂಶದಿಂದ ಹಕ್ಕಿಗಳ ವಲಸೆಯ ಮುನ್ಸೂಚನೆಯನ್ನೇ ಕೊಡುತ್ತದೆ. ಹೆಚ್ಚು ಹಕ್ಕಿಗಳು ಹಾರುವ ರಾತ್ರಿಗಳಲ್ಲಿ ಎತ್ತರದ ಕಟ್ಟಡಗಳ ದೀಪ ಆರಿಸಿರೆಂದು ನಗರಗಳಲ್ಲಿ ಕೋರಿಕೊಳ್ಳುತ್ತಾರೆ. ಬೆಳಕಿಗೆ ದಿಕ್ಕು ತಪ್ಪಿ ಗಾಜಿಗೆ ಬಡಿದು ಸಾಯುವ ಹಕ್ಕಿಗಳು ಹಾಗೆ ಉಳಿದುಕೊಳ್ಳುತ್ತವೆ.

ಇನ್ನೊಂದು ನೆನಪು ನಮಗೆಲ್ಲ ನೋವಿನದು. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸಹಿತ ಏಳು ಮಂದಿಯಿದ್ದ ಕೊಲಂಬಿಯಾ ಗಗನನೌಕೆ ಟೆಕ್ಸಾಸಿನ ಮೇಲೆ ಛಿದ್ರವಾದಾಗ, ಬೀಳುತ್ತಿದ್ದ ಅವಶೇಷಗಳ ಜಾಡು ಹವಾಮಾನ ರೇಡಾರಿನಲ್ಲಿ ದಾಖಲಾಗಿತ್ತು. ಮಳೆ ನೋಡಲು ಕಟ್ಟಿಸಿದ ಯಂತ್ರದಿಂದ ಇಂಥದ್ದು ಸಿಗಬಹುದೆಂದು ಯಾರೂ ಮೊದಲೇ ಅರ್ಜಿಯಲ್ಲಿ ಬರೆಯಲಾರರು. ‘ನಿಮಗೆ ಇದು ಏಕೆ ಬೇಕು, ಕಾರಣ ತಿಳಿಸಿ’ ಎಂಬ ಅರ್ಜಿ ನಮೂನೆಯ ಮಿತಿ ಇಲ್ಲಿ ತಿಳಿಯುತ್ತದೆ. ಇಂತಹ ನಮೂನೆಗಳನ್ನು ಮೂರು ಪ್ರತಿಗಳಲ್ಲಿ ತುಂಬಿಸಿಕೊಂಡವರಲ್ಲಿ ನಾವೂ ಒಬ್ಬರಾದುದರಿಂದ ಈ ಮಾತನ್ನು ಸಂಕೋಚದಿಂದಲೇ ಬರೆಯುತ್ತಿದ್ದೇವೆ.

ಎಲ್ಲ ರೇಡಾರುಗಳ ಅಂಕಿಗಳು ಒಂದೆಡೆ ಬರತೊಡಗಿದ ಮೇಲೆ ಅವನ್ನು ಹೊಲಿದು ಇಡೀ ದೇಶದ ಒಂದೇ ಚಿತ್ರ ಮಾಡುವ ಕೆಲಸ ಬಿರುಗಾಳಿ ಪ್ರಯೋಗಾಲಯದಲ್ಲಿ ನಡೆಯಿತು. ಆ ವ್ಯವಸ್ಥೆ 2014ರಲ್ಲಿ ಹವಾಮಾನ ಸೇವೆಯ ನಿತ್ಯದ ಬಳಕೆಗೆ ಬಂತು. ಗಂಟೆಗೊಮ್ಮೆ ಹೊಸದಾಗಿ ಲೆಕ್ಕ ಹಾಕಿ ಮುನ್ಸೂಚನೆ ಕೊಡುವ, ರೇಡಾರಿನ ಅಂಕಿಗಳನ್ನೂ ಒಳಗೊಳ್ಳುವ ಗಣಕ ಮಾದರಿಯೂ ಅದೇ ವರ್ಷ ಜಾರಿಗೆ ಬಂತು. 2015ರಲ್ಲಿ ಸರಕಾರವು ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್, ಐಬಿಎಂ ಮುಂತಾದವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಆ ವರ್ಷದ ಅಕ್ಟೋಬರಿನಲ್ಲಿ 1991ರಿಂದ ಉಳಿದುಬಂದಿದ್ದ ಎರಡನೆಯ ಹಂತದ ದಾಖಲೆಗಳೂ ಆ ಕ್ಷಣದ ದತ್ತಾಂಶವೂ ಅಮೆಜಾನ್ ಸಂಸ್ಥೆಯ ಗಣಕ ಭಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದವು. ಬಳಕೆ ಎರಡು ಪಟ್ಟಿಗೂ ಮಿಗಿಲಾಗಿ ಏರಿತು, ಸರಕಾರಿ ಸರ್ವರುಗಳ ಮೇಲಿನ ಹೊರೆ ಇಳಿಯಿತು. ಇಂದು ಧಾರವಾಡದಲ್ಲೋ ಡೊಂಬಿವಿಲಿಯಲ್ಲೋ ಕುಳಿತ ವಿದ್ಯಾರ್ಥಿಯೂ ಒಕ್ಲಹಾಮದ ಮೋಡಗಳ ಲೆಡ್ಜರನ್ನು ತೆರೆದು ಓದಬಹುದು, ಯಾರ ಅಪ್ಪಣೆಯೂ ಬೇಡ. ಯುರೋಪಿನವರೂ ಮನಸ್ಸು ಬದಲಿಸಿದ್ದಾರೆ. ಯುರೋಪಿನ ಒಕ್ಕೂಟವು 2023ರಲ್ಲಿ ಹೊರಡಿಸಿದ ನಿಯಮದಂತೆ ರೇಡಾರ್ ದತ್ತಾಂಶ ಸಹಿತ ಹವಾಮಾನ ಮಾಹಿತಿಯನ್ನು ಸದಸ್ಯ ದೇಶಗಳು ಉಚಿತವಾಗಿ ತೆರೆದಿಡಬೇಕು.

ನಮ್ಮಲ್ಲಿ

ಭಾರತದಲ್ಲಿ ಚಂಡಮಾರುತ ಪತ್ತೆಹಚ್ಚುವ ರೇಡಾರ್ 1970ರಲ್ಲಿ ವಿಶಾಖಪಟ್ಟಣದಲ್ಲಿ ಸ್ಥಾಪನೆಯಾಯಿತು. ಹವಾಮಾನ ಇಲಾಖೆಯ ಮೊದಲ ಡಾಪ್ಲರ್ ರೇಡಾರ್ 2002ರಲ್ಲಿ ಚೆನ್ನೈಗೆ ಬಂತು. ಶ್ರೀಹರಿಕೋಟೆಯ ರೇಡಾರನ್ನು ಇಸ್ರೊ ಮತ್ತು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ ದೇಶದಲ್ಲೇ ತಯಾರಿಸಿದವು ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. 2005ರ ಪ್ರಳಯದ ಕೆಲವು ವರ್ಷಗಳ ಅನಂತರ ಕೊಲಾಬಾದಲ್ಲಿ ಡಾಪ್ಲರ್ ರೇಡಾರ್ ಸ್ಥಾಪಿತವಾಯಿತು. ಮುಂಬಯಿಯ ಎರಡನೆಯದು, ವೆರಾವಲಿಯದ್ದು, 2022ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಈಗ ದೇಶದಲ್ಲಿ ನಲವತ್ತಕ್ಕೂ ಹೆಚ್ಚು ರೇಡಾರುಗಳಿವೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟವು ಎರಡು ಸಾವಿರ ಕೋಟಿ ರೂಪಾಯಿಗಳ ‘ಮಿಷನ್ ಮೌಸಮ್’ ಯೋಜನೆಗೆ ಒಪ್ಪಿಗೆ ನೀಡಿದ್ದು, ಇನ್ನಷ್ಟು ರೇಡಾರುಗಳನ್ನು ಸ್ಥಾಪಿಸುವುದು ಅದರ ಒಂದು ಭಾಗ.

ಹಂಚಿಕೆಯ ವಿಷಯದಲ್ಲಿ ನಾವು ಪಾಸ್‌ಬುಕ್ಕಿನ ಹಂತದಲ್ಲಿದ್ದೇವೆ ಎನ್ನಬಹುದು. ಹವಾಮಾನ ಇಲಾಖೆಯ ಜಾಲತಾಣದಲ್ಲಿ ಚಿತ್ರಗಳು ಯಾರಿಗೂ ಉಚಿತವಾಗಿ ಸಿಗುತ್ತವೆ, ಇದು ಸಣ್ಣ ಸಂಗತಿಯಲ್ಲ. ಚೆನ್ನೈ, ಮುಂಬಯಿ, ಬೆಂಗಳೂರುಗಳಲ್ಲಿ ಹವಾಮಾನದ ಹವ್ಯಾಸಿಗಳು ಈ ಚಿತ್ರಗಳನ್ನು ನೋಡಿಯೇ ಸ್ಥಳೀಯ ಭಾಷೆಯಲ್ಲಿ ನೆರೆಹೊರೆಯವರಿಗೆ ಮಳೆಯ ಸುದ್ದಿ ತಿಳಿಸುತ್ತಿರುವುದು. ಇಸ್ರೊದ ಮಾಸ್‌ಡ್ಯಾಕ್ ತಾಣದಲ್ಲಿ ಹೆಸರು ನೋಂದಾಯಿಸಿಕೊಂಡವರಿಗೆ ಇಸ್ರೊದ ಕೆಲವು ರೇಡಾರುಗಳ ಅಂಕಿಗಳೂ ದೊರೆಯುತ್ತವೆ. ಆದರೆ ದೇಶದ ಎಲ್ಲ ರೇಡಾರುಗಳ ಕಚ್ಚಾ ಅಂಕಿಗಳು, ಅಮೆರಿಕದಲ್ಲಿ ಸಿಗುವಂತೆ, ಆ ಕ್ಷಣವೇ ಯಾವ ಕಾಲೇಜಿಗೂ ಯಾವ ಉದ್ಯಮಿಗೂ ತೆರೆದಿಲ್ಲ. ಇದಕ್ಕೆ ಇಲಾಖೆಯ ಕಡೆಯಿಂದ ಹೇಳಬಹುದಾದ ಕಾರಣಗಳೂ ಇವೆ. ಗಡಿ ಮತ್ತು ಕರಾವಳಿಯ ಭದ್ರತೆ ಒಂದು. ಅರೆಬರೆ ತಿಳಿದವರು ಅಂಕಿಗಳನ್ನು ತಪ್ಪಾಗಿ ಓದಿ ಊರಿಗೆಲ್ಲ ಗಾಬರಿ ಹುಟ್ಟಿಸಬಹುದೆಂಬ ಅಳುಕು ಇನ್ನೊಂದು. ಎರಡನೆಯದರಲ್ಲಿ ಹುರುಳಿದೆ, ಬೆಟ್ಟಕ್ಕೋ ಕಟ್ಟಡಕ್ಕೋ ತಾಗಿ ಬಂದ ಪ್ರತಿಧ್ವನಿಯನ್ನು ಮಳೆಯೆಂದು ತಿಳಿದು ಮೋಸ ಹೋಗುವುದು ಸುಲಭ. ಆದರೆ ತಪ್ಪಾಗಿ ಓದುವವರು ಚಿತ್ರವನ್ನೂ ತಪ್ಪಾಗಿಯೇ ಓದುತ್ತಾರೆ. ಅಂಕಿಗಳು ಕಾಲೇಜುಗಳಿಗೆ ಸಿಕ್ಕಿದರೆ ಸರಿಯಾಗಿ ಓದಬಲ್ಲವರು ತಯಾರಾದಾರು.

ಕರ್ನಾಟಕದಲ್ಲಿ ಬೇರೊಂದು ದಾರಿಯಿಂದ ಈ ಕೆಲಸ ನಡೆದಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟು, ಹದಿನೈದು ನಿಮಿಷಗಳಿಗೊಮ್ಮೆ ಅಳತೆ ತರಿಸಿಕೊಳ್ಳುತ್ತದೆ. ರೈತರು ಫೋನಿನಲ್ಲಿ ಕೇಳಿ ತಿಳಿಯಲು ‘ವರುಣ ಮಿತ್ರ’ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ಬೆಂಗಳೂರಿನ ನಿವಾಸಿಗಳಿಗಾಗಿ ‘ಮೇಘ ಸಂದೇಶ’ ಎಂಬ ಮೊಬೈಲ್ ತಂತ್ರಾಂಶವನ್ನು 2020ರಲ್ಲಿ ಹೊರತಂದರು. ಮಳೆಮಾಪಕ ನೆಲಕ್ಕೆ ಬಿದ್ದ ಮಳೆಯನ್ನು ಖಚಿತವಾಗಿ ಅಳೆಯುತ್ತದೆ. ಬರಲಿರುವ ಮಳೆಯನ್ನು ಅದು ಕಾಣದು. ರೇಡಾರ್ ಬರಲಿರುವುದನ್ನು ಕಾಣುತ್ತದೆ. ಅಳತೆಯಲ್ಲಿ ಸ್ವಲ್ಪ ತಪ್ಪುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ತಾಳೆ ನೋಡಿದರೆ ಆಗುವ ಪ್ರಯೋಜನವನ್ನು ಲೆಕ್ಕ ತಾಳೆ ನೋಡುವ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ವಿಶ್ವ ಹವಾಮಾನ ಸಂಸ್ಥೆಯು 2021ರ ಅಕ್ಟೋಬರಿನಲ್ಲಿ ಹಳೆಯ 40ನೆಯ ನಿರ್ಣಯದ ಜಾಗದಲ್ಲಿ ಹೊಸದೊಂದು ಏಕೀಕೃತ ದತ್ತಾಂಶ ನೀತಿಯನ್ನು ಅಂಗೀಕರಿಸಿತು. ಸದಸ್ಯ ರಾಷ್ಟ್ರಗಳು ಮೂಲ ದತ್ತಾಂಶವನ್ನು ಮುಕ್ತವಾಗಿ, ಷರತ್ತಿಲ್ಲದೆ ವಿನಿಮಯ ಮಾಡಿಕೊಳ್ಳಬೇಕೆಂದು ಅದು ಹೇಳುತ್ತದೆ. ಅದಕ್ಕೆ ಹೊರತಾದದ್ದನ್ನೂ ಹಂಚಿಕೊಳ್ಳುವುದು ಒಳಿತೆಂದು ಶಿಫಾರಸು ಮಾಡುತ್ತದೆ. ಭಾರತವೂ ಆ ಸಂಸ್ಥೆಯ ಸದಸ್ಯ.